ಬಿಲ್ಡ್ ಆಗ್ತಿಲ್ಲ ಅಣ್ಣಾ

ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಒಬ್ಬ ಇಂಜಿನಿಯರಿಂಗ್ ಹುಡುಗ ಫೋನ್ ಮಾಡಿ "ಅಣ್ಣಾ, ನಿಮ್ಮ ಕೋಡ್ ಬಿಲ್ಡೇ ಆಗ್ತಿಲ್ಲ, ಮಿಸ್ಸಿಂಗ್ ಸೆಪರೇಟರ್ ಅಂತ ಬರ್ತಿದೆ" ಅಂದ. ಬಿಲ್ಡ್ ಅಂದ್ರೆ ಬರೆದ ಕೋಡನ್ನ ಕಂಪೈಲ್ ಮಾಡಿ ಓಡೋ ಪ್ರೋಗ್ರಾಮ್ ಮಾಡೋದು. ನಮ್ದು ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟು, ತೋಟದಲ್ಲಿ ಬಿದ್ದ ಮಳೆ ಲೆಕ್ಕ ಇಡೋದು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋಕೆ ಹೊಳವು (ಮಳೆ ಬಿಡುವು) ಯಾವಾಗ ಸಿಗ್ಬೋದು ಅಂತ ನೋಡೋಕೆ ಬರೆದಿದ್ದು, ಒಟ್ಟು 18 ಸಿ ಫೈಲು. ಬಿಲ್ಡಿಗೆ ಮೇಕ್ ಅನ್ನೋ ಟೂಲ್ ಬಳಸ್ತಿದ್ವಿ, ಏನೇನು ಹೇಗೆ ಕಂಪೈಲ್ ಆಗ್ಬೇಕು ಅಂತ ಅದಕ್ಕೆ ಹೇಳೋದು ಮೇಕ್‌ಫೈಲು. ಹುಡುಗ ಅದನ್ನ ವಾಟ್ಸಾಪಿಂದ ಕಾಪಿ ಮಾಡ್ಕೊಂಡಿದ್ದ, ಟ್ಯಾಬ್ ಇದ್ದಲ್ಲೆಲ್ಲ ಸ್ಪೇಸ್ ಆಗಿ ಕೂತಿತ್ತು. ಮೇಕಲ್ಲಿ ಕಮಾಂಡ್ ಸಾಲು ಟ್ಯಾಬಿಂದಲೇ ಶುರುವಾಗ್ಬೇಕು. 1976ರಲ್ಲಿ ಬೆಲ್ ಲ್ಯಾಬ್ಸಲ್ಲಿ ಇದನ್ನ ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ ಇದು ಸರಿ ಇಲ್ಲ ಅಂತ ಬೇಗನೇ ಗೊತ್ತಾಗಿತ್ತು, ಆದ್ರೆ ಅಷ್ಟೊತ್ತಿಗೆ ಹತ್ತು ಹನ್ನೆರಡು ಜನ ಬಳಸ್ತಿದ್ರು, ಅವ್ರಿಗೆ ಯಾಕೆ ತೊಂದ್ರೆ ಅಂತ ಹಾಗೇ ಬಿಟ್ರು. ಆ ಹನ್ನೆರಡು ಜನರ ಮುಲಾಜಿಗೆ ನಾವು ಇವತ್ತಿಗೂ ಟ್ಯಾಬ್ ಹುಡುಕ್ತಿದೀವಿ ಮಾರಾಯ್ರೆ.

ಟ್ಯಾಬ್ ಆದ್ರೆ ಎರರ್ ಕೊಟ್ಟು ನಿಲ್ಲುತ್ತೆ, ಪರ್ವಾಗಿಲ್ಲ. ನನ್ನ ತಲೆ ತಿಂದಿದ್ದು ಇನ್ನೊಂದು. ಮೇಕ್ ನೋಡೋದು ಫೈಲಿನ ಟೈಮ್ ಮಾತ್ರ, ಸೋರ್ಸು ಅದ್ರಿಂದ ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲಿಗಿಂತ ಹೊಸದಾಗಿದ್ರೆ ಕಂಪೈಲ್, ಇಲ್ದಿದ್ರೆ ಇಲ್ಲ. ತೋಟದ ಮನೇಲಿ ಇಟ್ಟಿರೋದು ರಾಸ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್, ಅದ್ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಕರೆಂಟ್ ಹೋಗಿ ಬಂದ್ರೆ ಕೊನೇ ಸಲ ಬರೆದಿಟ್ಕೊಂಡ ಟೈಮಿಂದ ಶುರು ಮಾಡುತ್ತೆ, ನೆಟ್ ಸಿಕ್ಕಿದ್ಮೇಲೆ ಸರಿ ಮಾಡ್ಕೊಳ್ಳುತ್ತೆ. ಆಷಾಢದಲ್ಲಿ ನೆಟ್ಟು ಎಲ್ಲಿಂದ ಬರ್ಬೇಕು! ನಾಲ್ಕು ಗಂಟೆಗೆ ಬಿಲ್ಡ್ ಮಾಡಿದ್ದೆ, ಕರೆಂಟ್ ಹೋಯ್ತು, ಏಳಕ್ಕೆ ಬಂತು, ಪೈ ಲೆಕ್ಕದಲ್ಲಿ ಆಗಿನ್ನೂ ಮೂರೂ ಕಾಲು. ಕೋಡ್ ತಿದ್ದಿ ಮೇಕ್ ಹೊಡೆದ್ರೆ 'ಅಪ್ ಟು ಡೇಟ್' ಅಂತ ತಣ್ಣಗೆ ಹೇಳ್ತು. ಒಂದೂವರೆ ಗಂಟೆ ಹಳೇ ಬೈನರಿ ಓಡಿಸಿ ಬಗ್ ಹುಡುಕಿದೀನಿ ನಾನು.

ಇದಕ್ಕೇ ಬಿಲ್ಡ್ ಸಿಸ್ಟಮ್ ಬದಲಾಯಿಸ್ಬೇಕಾ ಅಂದ್ರೆ ಬೇಡ. ಮೇಕ್ ಥರದ್ದೇ ಆದ ನಿಂಜಾ ಕೂಡ ಟೈಮೇ ನೋಡೋದು. ಸ್ಕಾನ್ಸ್, ಬೇಜೆಲ್ ಥರದವು ಫೈಲ್ ಒಳಗಿರೋದನ್ನ ಹ್ಯಾಶ್ ಮಾಡಿ (ಬೆರಳಚ್ಚು ತೆಗೆದಂಗೆ) ನೋಡ್ತವೆ ನಿಜ, ಆದ್ರೆ 18 ಫೈಲಿಗೆ ಗೂಗಲ್‌ನೋರ ಬೇಜೆಲ್ ತರೋದು ಬೆಟ್ಟ ಅಗೆದು ಇಲಿ ಹಿಡಿದಂಗೆ. ಪೈಗೆ ಒಂದು ಗಡಿಯಾರದ ಚಿಪ್ ಹಾಕಿಸ್ದೆ, ಮುಗೀತು.

ಆದ್ರೂ ಕೊನೆಗೆ ಬಿಲ್ಡ್ ಸಿಸ್ಟಮ್ ಬದಲಾಯಿಸಿದ್ದು ಆ ಹುಡುಗನಿಗೋಸ್ಕರ. ನನ್ನ ಮಿಷಿನಲ್ಲಿ ಬಿಲ್ಡ್ ಆಗೋದು ದೊಡ್ಡ ವಿಷಯ ಅಲ್ಲ, ನನ್ನ ಮುಖನೇ ನೋಡಿರದೋನು ಮೊದಲ್ನೇ ಸಲ ಇಳಿಸ್ಕೊಂಡಾಗ ಎಂತ ಆಗುತ್ತೆ ಅಂತ ನೋಡ್ಬೇಕು. ಆಟೋಟೂಲ್ಸ್ ಅನ್ನೋ ಹಳೇ ಬಿಲ್ಡ್ ಸಿಸ್ಟಮ್ ಇದ್ದಿದ್ರೆ ಸಾವಿರಾರು ಸಾಲಿನ ಕಾನ್ಫಿಗರ್ ಸ್ಕ್ರಿಪ್ಟ್, ಅದನ್ನ ಯಾರೂ ಓದಲ್ಲ. 2024ರಲ್ಲಿ ಎಕ್ಸ್‌ಝಡ್ ಅನ್ನೋ ಫೈಲ್ ಕುಗ್ಗಿಸೋ ಸಾಫ್ಟ್‌ವೇರಿಗೆ ಕಳ್ಳ ಹಿಂಬಾಗಿಲನ್ನ ಕೂರಿಸಿದ್ದೂ ಅಲ್ಲೇ, ಗಿಟ್‌ನಲ್ಲಿ ಇಲ್ಲದ ಒಂದು ಎಂ4 ಫೈಲು ಜನ ಇಳಿಸ್ಕೊಳ್ಳೋ ರಿಲೀಸ್ ಕಂತೆ (ಟಾರ್‌ಬಾಲ್) ಒಳಗೆ ಇತ್ತು, ಆಂಡ್ರೆಸ್ ಫ್ರಾಯಿಂಡ್ ಅನ್ನೋರು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಕೆದಕದೇ ಇದ್ದಿದ್ರೆ ಕಥೆನೇ ಬೇರೆ ಇತ್ತು.

ಉಳಿದಿದ್ದು ಸಿಮೇಕ್, ಮೆಸನ್ ಅನ್ನೋ ಎರಡು ಬಿಲ್ಡ್ ಸಿಸ್ಟಮ್. ವಿಂಡೋಸ್‌ನೋರು ಜಾಸ್ತಿ ಇದ್ರೆ, ದೊಡ್ಡ ಸಿ++ ಲೈಬ್ರರಿಗಳನ್ನ ಎಳ್ಕೋಬೇಕಿದ್ರೆ ಸಿಮೇಕೇ ಸರಿ, ಲಿನಕ್ಸ್ ಡೆಸ್ಕ್‌ಟಾಪ್ ಪ್ರಾಜೆಕ್ಟ್ ಕೆಡಿಇ 2006ರಿಂದ ಅದ್ರಲ್ಲೇ ಇದೆ, ಭಾಷೆ ಮಾತ್ರ ಬಾಯಿಗೆ ಹಾಗಲಕಾಯಿ. ನಾನು ಮೆಸನ್ ಹಿಡ್ದೆ. ಅದ್ರಲ್ಲಿ ನಮ್ದೇ ಫಂಕ್ಷನ್ ಬರೆಯೋಕೆ ಬಿಡಲ್ಲ, ಮೊದಲು ಸಿಟ್ಟು ಬಂದಿತ್ತು, ಆಮೇಲೆ ಅದೇ ಒಳ್ಳೇದು ಅನ್ನಿಸ್ತು, ಯಾರೂ ಅತಿ ಬುದ್ಧಿವಂತಿಕೆ ತೋರ್ಸೋಕೆ ಆಗಲ್ಲ. ಹೆಡರ್ ತಿದ್ದಿದ್ರೆ ಏನೇನು ಮತ್ತೆ ಕಂಪೈಲ್ ಆಗ್ಬೇಕು ಅನ್ನೋದನ್ನೂ ಅದೇ ನೋಡ್ಕೊಳ್ಳುತ್ತೆ.

ಯಾವ್ದೇ ಹಿಡೀರಿ, ಬಿಲ್ಡ್ ಮಧ್ಯೆ ನೆಟ್ಟಿಂದ ಏನೂ ಎಳೀಬಾರ್ದು. ಸಿಮೇಕಲ್ಲಿ ಫೆಚ್‌ಕಂಟೆಂಟ್, ಮೆಸನಲ್ಲಿ ರ‍್ಯಾಪ್, ಬೇಕಾದ ಲೈಬ್ರರಿನ ನೆಟ್ಟಿಂದ ಇಳಿಸ್ಕೊಳ್ಳೋ ಈ ಎರಡೂ ಬೆಂಗಳೂರಿನ ಫೈಬರಲ್ಲಿ ಚೆಂದ. ಡೆಬಿಯನ್ ಲಿನಕ್ಸ್‌ನೋರು ಪ್ಯಾಕೇಜ್ ಬಿಲ್ಡ್ ಆಗುವಾಗ ನೆಟ್ ಮುಟ್ಟೋಕೆ ಬಿಡಲ್ಲ, ತೀರ್ಥಹಳ್ಳಿ ಮಳೆನೂ ಬಿಡಲ್ಲ.

ಒಂದು ತಪ್ಪು ಮಾಡಿದೀನಿ. ಹಳೇ ಮೇಕ್‌ಫೈಲು ಇರ್ಲಿ ಪಾಪ ಅಂತ ಜೊತೆಗೇ ಇಟ್ಕೊಂಡಿದ್ದೆ, ಆಮೇಲೆ ಒಂದು ಹೊಸ ಫೈಲು ಸೇರಿಸ್ದಾಗ ಮೆಸನ್‌ಗೆ ಮಾತ್ರ ಹಾಕಿ ಇದನ್ನ ಮರ್ತೆ. ವಾರ ಬಿಟ್ಟು ಅದೇ ಹುಡುಗನ ಫೋನು, "ಅಣ್ಣಾ, ಅನ್‌ಡಿಫೈನ್ಡ್ ರೆಫರೆನ್ಸ್ ಅಂತೆ". ಅವತ್ತೇ ಮೇಕ್‌ಫೈಲ್ ಅಳಿಸ್ದೆ.