200ಕ್ಕೆ 100 ಕೂಡಿಸಿದರೆ 44

ಎಂಟು ಬಿಟ್‌ನ ಪ್ರೊಸೆಸರ್‌ಗೆ 200 ಮತ್ತು 100 ಕೊಟ್ಟು ಕೂಡಿಸು ಅಂದರೆ ಬರುವ ಉತ್ತರ 44. ಬಿಟ್ ಅಂದರೆ 0 ಅಥವಾ 1 ಹಿಡಿಯುವ ಒಂದು ಮನೆ. ಎಂಟು ಬಿಟ್‌ನಲ್ಲಿ 255ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಹಾಗಾಗಿ 300ರಲ್ಲಿ 256 ಹೊರಗೆ ಹೋಯಿತು, 44 ಉಳಿಯಿತು. ಹೊರಗೆ ಹೋದದ್ದು ಕಳೆದುಹೋಗಲಿಲ್ಲ. ಅದಕ್ಕೆಂದೇ ಇಟ್ಟಿರುವ ಒಂದು ಬಿಟ್‌ನಲ್ಲಿ ಕೂತಿದೆ. ಅದೇ ಕ್ಯಾರಿ ಫ್ಲ್ಯಾಗ್. ಚಿಕ್ಕವರಿದ್ದಾಗ ಕೂಡುವ ಲೆಕ್ಕದಲ್ಲಿ ‘ಕೈಯಲ್ಲಿ ಒಂದು’ ಅಂತ ಇಟ್ಟುಕೊಳ್ಳುತ್ತಿದ್ದೆವು ಅಲ್ವಾ, ಅದೇ ಒಂದು.

ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಎಎಲ್‌ಯು ಅಂತ ಹೆಸರು. ಉತ್ತರದ ಜೊತೆಗೇ ಅದು ಇಂಥ ಕೆಲವು ಫ್ಲ್ಯಾಗ್‌ಗಳನ್ನೂ ಬರೆದಿಡುತ್ತದೆ. ಉತ್ತರ ಸೊನ್ನೆಯಾದರೆ ಝೀರೋ ಫ್ಲ್ಯಾಗ್ 1 ಆಗುತ್ತದೆ. ಉತ್ತರದ ಎಡತುದಿಯ ಬಿಟ್ ಹೇಗಿದೆಯೋ ಸೈನ್ ಫ್ಲ್ಯಾಗ್ ಹಾಗೇ ಇರುತ್ತದೆ. ಇವೆರಡು ಸುಲಭ. ಓವರ್‌ಫ್ಲೋ ಫ್ಲ್ಯಾಗ್ ಹತ್ತಿರ ಸ್ವಲ್ಪ ನಿಲ್ಲಬೇಕು.

11001000 ಅನ್ನುವ ಬಿಟ್‌ಗಳನ್ನು 200 ಅಂತ ಓದಬಹುದು, ಮೈನಸ್ 56 ಅಂತಲೂ ಓದಬಹುದು. ಚಿಹ್ನೆ ಇರುವ ಸಂಖ್ಯೆಯಾಗಿ ಓದುವಾಗ ಎಡತುದಿಯ ಬಿಟ್ 1 ಇದ್ದರೆ 256 ಕಳೆಯಬೇಕು, ಹಾಗಾಗಿ ಮೈನಸ್ 128ರಿಂದ 127ರವರೆಗೆ ಮಾತ್ರ ಹಿಡಿಸುತ್ತದೆ. ಈ ಓದಿನಲ್ಲಿ ಉತ್ತರ ಹಿಡಿಸದಿದ್ದರೆ ಓವರ್‌ಫ್ಲೋ 1 ಆಗುತ್ತದೆ. ನಾವು ಹೇಗೆ ಓದುತ್ತೇವೆ ಅನ್ನೋದು ಎಎಲ್‌ಯುಗೆ ಗೊತ್ತಿಲ್ಲ. ಅದಕ್ಕೇ ಅದು ಎರಡು ಓದಿಗೂ ಒಟ್ಟಿಗೇ ಉತ್ತರ ಕೊಟ್ಟುಬಿಡುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 200 + 100 ಅಂತ ಓದಿದರೆ ಉತ್ತರ ಹಿಡಿಸಲಿಲ್ಲ, ಕ್ಯಾರಿ 1. ಮೈನಸ್ 56ಕ್ಕೆ 100 ಕೂಡಿಸಿದೆ ಅಂತ ಓದಿದರೆ 44 ಸರಿಯಾದ ಉತ್ತರ, ಓವರ್‌ಫ್ಲೋ 0. ಈಗ 100 + 100 ಮಾಡಿ. 200 ಬಂತು, ಕ್ಯಾರಿ 0. ಆದರೆ ಚಿಹ್ನೆ ಇರುವ ಸಂಖ್ಯೆಯಾಗಿ ಓದಿದರೆ ಎರಡು ಪ್ಲಸ್ ಸೇರಿ ಮೈನಸ್ 56 ಆಗಿದೆ! ಓವರ್‌ಫ್ಲೋ 1. ಇಷ್ಟು ಚಿಕ್ಕ ಸರ್ಕ್ಯೂಟ್ ಇಷ್ಟು ಪ್ರಾಮಾಣಿಕವಾಗಿರೋದು ನನಗೆ ಈಗಲೂ ಬಹಳ ಖುಷಿ ಕೊಡುತ್ತದೆ.

ಎರಡು ಸಂಖ್ಯೆ ಹೋಲಿಸುವುದೂ ಇದರ ಮೇಲೇ ನಿಂತಿದೆ. ಪ್ರೊಸೆಸರ್ ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ, ಉತ್ತರ ಬಿಸಾಡುತ್ತದೆ, ಫ್ಲ್ಯಾಗ್ ಮಾತ್ರ ಇಟ್ಟುಕೊಳ್ಳುತ್ತದೆ. ಉತ್ತರ ಮೈನಸ್ ಬಂದರೆ ಮೊದಲನೆಯದು ಚಿಕ್ಕದು ಅಂದುಕೊಂಡರೆ ಮೋಸ ಹೋಗುತ್ತೀರಿ. ಮೈನಸ್ 100ರಿಂದ 100 ಕಳೆದರೆ ಮೈನಸ್ 200 ಬರಬೇಕು. ಅದು ಹಿಡಿಸದೆ 56 ಬರುತ್ತದೆ, ಸೈನ್ 0. ಜೊತೆಗೆ ಓವರ್‌ಫ್ಲೋ 1 ಆಗಿರುತ್ತದೆ. ಸೈನ್ ಮತ್ತು ಓವರ್‌ಫ್ಲೋ ಬೇರೆ ಬೇರೆ ಇದ್ದರೆ ಮಾತ್ರ ಮೊದಲನೆಯದು ಚಿಕ್ಕದು.

ಕಳೆಯುವಾಗಿನ ಕ್ಯಾರಿ ವಿಷಯದಲ್ಲಿ ಎಲ್ಲ ಪ್ರೊಸೆಸರ್‌ಗಳೂ ಒಂದೇ ಥರ ಇಲ್ಲ. ಸಾಲ ತೆಗೆದುಕೊಂಡರೆ ಇಂಟೆಲ್‌ನ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಕ್ಯಾರಿ 1 ಆಗುತ್ತದೆ, ಮೊಬೈಲ್‌ಗಳಲ್ಲಿರುವ ಆರ್ಮ್‌ನಲ್ಲಿ 0.

ಫ್ಲ್ಯಾಗ್‌ನ ಆಯಸ್ಸು ಕಡಿಮೆ. ಮುಂದಿನ ಲೆಕ್ಕ ಬಂದ ಕೂಡಲೇ ಹಳೆಯದು ಅಳಿದುಹೋಗುತ್ತದೆ. ಇಂಟೆಲ್‌ನ ಹಳೆಯ ಎಂಟು ಬಿಟ್ ಪ್ರೊಸೆಸರ್ 8085ರಲ್ಲಿ ಉದ್ದದ ಸಂಖ್ಯೆಗಳನ್ನು ಒಂದೊಂದೇ ಬೈಟ್ (ಎಂಟು ಬಿಟ್) ಕೂಡುವ ಲೂಪ್ ಬರೆಯುವಾಗ ನಾನು ಇದೇ ಭಯದಲ್ಲಿದ್ದೆ. ಎಷ್ಟು ಬೈಟ್ ಉಳಿದಿದೆ ಅಂತ ಎಣಿಸಲೇಬೇಕು. ಎಣಿಸಿದರೆ ಕ್ಯಾರಿ ಹಾಳಾಗುವುದಿಲ್ಲವೇ? ಆಗುವುದಿಲ್ಲ. ಎಣಿಕೆಯಲ್ಲಿ ಒಂದು ಕಡಿಮೆ ಮಾಡುವ ಡಿಸಿಆರ್ ಅನ್ನುವ ಆಜ್ಞೆ ಝೀರೋ ಫ್ಲ್ಯಾಗನ್ನು ಬದಲಿಸುತ್ತದೆ, ಕ್ಯಾರಿಯನ್ನು ಮುಟ್ಟುವುದೇ ಇಲ್ಲ. ಝೀರೋ ಲೂಪ್ ಕಾಯುತ್ತದೆ, ಕ್ಯಾರಿ ‘ಕೈಯಲ್ಲಿ ಒಂದು’ ಹೊತ್ತು ಮುಂದಿನ ಬೈಟ್‌ಗೆ ಹೋಗುತ್ತದೆ. ಬೇಕಂತಲೇ ಮಾಡಿದ ಏರ್ಪಾಡು ಅಂತ ಅರ್ಥವಾದ ದಿನ ಆ ಚಿಪ್ ಮೇಲೆ ಗೌರವ ಹುಟ್ಟಿತು.

ರಿಸ್ಕ್-ಫೈವ್ ಅನ್ನುವ ಹೊಸ ಪ್ರೊಸೆಸರ್ ವಿನ್ಯಾಸದ ಪೂರ್ಣಾಂಕ ಲೆಕ್ಕದಲ್ಲಿ ಇಂಥ ಫ್ಲ್ಯಾಗ್‌ಗಳೇ ಇಲ್ಲ. ಎಲ್ಲ ಲೆಕ್ಕಗಳೂ ಒಂದೇ ಫ್ಲ್ಯಾಗ್ ರಿಜಿಸ್ಟರ್‌ಗೆ ಬರೆಯುತ್ತಿದ್ದರೆ, ಹಲವು ಕೆಲಸ ಒಟ್ಟಿಗೆ ಮಾಡುವ ಪ್ರೊಸೆಸರ್‌ಗೆ ಅದು ತೊಡಕು. ಅಲ್ಲಿ ಕ್ಯಾರಿ ಬೇಕಾದವರು ಉತ್ತರವನ್ನೇ ಕೇಳುತ್ತಾರೆ: ಕೂಡಿದ ಮೇಲೆ ಬಂದದ್ದು, ಕೂಡಿದ ಸಂಖ್ಯೆಗಿಂತ ಚಿಕ್ಕದಾಯಿತೇ? 44, 200ಕ್ಕಿಂತ ಚಿಕ್ಕದು. ಹಾಗಾದರೆ ಒಂದು ಹೊರಗೆ ಹೋಗಿದೆ.