ಫೈಬ್ರೊಮಯಾಲ್ಜಿಯಾ ನೋವು ಮತ್ತು ಊಟ: ಓದುತ್ತಾ ಬರೆದುಕೊಂಡ ಟಿಪ್ಪಣಿ

ನೋವಿರುವುದು ಮೈಕೈಯಲ್ಲಿ. ಊಟ ಹೋಗುವುದು ಹೊಟ್ಟೆಗೆ. ಒಂದನ್ನು ಬದಲಾಯಿಸಿದರೆ ಇನ್ನೊಂದು ಹೇಗೆ ಕಡಿಮೆ ಆಗುತ್ತದೆ? ಈ ವಿಷಯ ಓದುವಾಗ ನನಗೆ ಮೊದಲು ಎದುರಾದ ಪ್ರಶ್ನೆ ಇದು. ಇದು ಬಿಡಿಸಿಕೊಂಡರೆ ಮುಂದಿನದು ಸುಲಭ.

ಫೈಬ್ರೊಮಯಾಲ್ಜಿಯಾ ಅಂದರೆ ಮೈಯೆಲ್ಲಾ ತಿಂಗಳುಗಟ್ಟಲೆ ನೋಯುವ ಕಾಯಿಲೆ. ಇದು ಇರುವವರ ಸ್ನಾಯು ಪರೀಕ್ಷಿಸಿದರೆ ಅಷ್ಟು ನೋವಿಗೆ ತಕ್ಕ ಹಾನಿ ಕಾಣುವುದಿಲ್ಲ. ಎಕ್ಸ್‌ರೇಯಲ್ಲೂ ಏನೂ ಸಿಗುವುದಿಲ್ಲ. ತೊಂದರೆ ಇರುವುದು ನೋವಿನ ಸುದ್ದಿ ಹೊತ್ತು ತರುವ ನರಗಳಲ್ಲಿ, ಅದನ್ನು ಕೇಳಿಸಿಕೊಳ್ಳುವ ಮಿದುಳಿನಲ್ಲಿ. ಬೇರೆಯವರಿಗೆ ಸುಮ್ನೆ ಭುಜ ಒತ್ತಿದ ಹಾಗೆ ಅನಿಸುವುದು ಇವರಿಗೆ ನೋವಾಗಿಯೇ ಮುಟ್ಟುತ್ತದೆ. ನೋವು ನಿಜ. "ಎಲ್ಲಾ ಮನಸ್ಸಿನದು" ಅನ್ನುವ ಮಾತನ್ನು ನಾವು ಓದುವವರಾದರೂ ಬಿಡಬೇಕು.

ನರಗಳು ಹೀಗೆ ಕೆರಳಿರುವಾಗ ಅವನ್ನು ಇನ್ನಷ್ಟು ಕೆರಳಿಸುವ ಸಂಗತಿಗಳಿವೆ: ಕೆಟ್ಟ ನಿದ್ದೆ, ಹೊಟ್ಟೆಯ ತೊಂದರೆ, ಜಾಸ್ತಿ ತೂಕ, ಪೋಷಕಾಂಶದ ಕೊರತೆ. ಊಟ ಕೆಲಸ ಮಾಡುವುದು ಈ ದಾರಿಗಳಲ್ಲೇ. ಹಾಗಾಗಿ "ಈ ರೋಗಕ್ಕೆ ಈ ಪಥ್ಯ" ಎಂದು ಒಂದೇ ಪಟ್ಟಿ ಯಾರಾದರೂ ಕೊಟ್ಟರೆ ನಾನು ನಂಬುವುದಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಕೊಟ್ಟ ಸಲಹೆಗಳಲ್ಲಿ ಬಲವಾಗಿ ಒಪ್ಪಿದ್ದು ವ್ಯಾಯಾಮವನ್ನು ಮಾತ್ರ. ಊಟ ಅದಕ್ಕೆ ಜೊತೆಗಾರ.

ನಿದ್ದೆಯ ವಿಷಯ ಮೊದಲು ನೋಡೋಣ. 1975ರಲ್ಲಿ ಕೆನಡಾದ ಟೊರಾಂಟೊದ ಸಂಶೋಧಕ ಮೊಲ್ಡೊಫ್ಸ್ಕಿ ಅವರ ತಂಡ ಆರೋಗ್ಯವಂತರ ಗಾಢ ನಿದ್ದೆಯನ್ನು ರಾತ್ರಿಯಿಡೀ ಕದಡಿ ನೋಡಿತು. ಅವರಿಗೂ ಮೈಕೈ ನೋವು ಶುರುವಾಯಿತು! ಈಗ ನಮ್ಮ ಸಂಜೆ ಕಾಫಿಯನ್ನು ನೆನೆಯಿರಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲಿನ ಕಾಫಿ ಟೀ ಬಿಟ್ಟು ನೋಡುವುದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಹೊಟ್ಟೆಯ ದಾರಿ ಇನ್ನೂ ಮುಖ್ಯ. ಫೈಬ್ರೊಮಯಾಲ್ಜಿಯಾ ಇರುವವರಲ್ಲಿ ಬಹಳ ಜನರಿಗೆ ಹೊಟ್ಟೆ ಉಬ್ಬರ, ನುಲಿತ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಇರುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ 'ಲೋ ಫಾಡ್‌ಮ್ಯಾಪ್' ಊಟ ಇಲ್ಲಿ ಬರುತ್ತದೆ. ಕರುಳಿನಲ್ಲಿ ಹುಳಿತು ಗ್ಯಾಸ್ ಮಾಡುವ ಸಕ್ಕರೆ ಅಂಶಗಳನ್ನು ಕೆಲವು ವಾರ ಕಡಿಮೆ ಮಾಡುವ ಕ್ರಮ ಇದು. ಪೋರ್ಚುಗಲ್‌ನಲ್ಲಿ 38 ರೋಗಿಗಳು 4 ವಾರ ಇದನ್ನು ಪಾಲಿಸಿದಾಗ ಹೊಟ್ಟೆಯ ಜೊತೆ ನೋವೂ ಇಳಿಯಿತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಅದನ್ನು ಮರೆಯಬೇಡಿ.

ನಮ್ಮ ಅಡುಗೆಗೆ ತಂದರೆ ಮೊದಲು ಸಿಕ್ಕಿಬೀಳುವುದು ಈರುಳ್ಳಿ, ಬೆಳ್ಳುಳ್ಳಿ. ಆಮೇಲೆ ಗೋಧಿ, ಹಾಲು, ಕಾಳುಗಳು. ಅನ್ನಕ್ಕೆ ತೊಂದರೆ ಇಲ್ಲ. ಒಗ್ಗರಣೆಗೆ ಇಂಗು ಹಾಕಬಹುದು. ಅಂಗಡಿಯ ಇಂಗಿನ ಪುಡಿಯಲ್ಲಿ ಮೈದಾ ಬೆರೆತಿರುವುದುಂಟು, ಗೋಧಿಯೇ ಆಗದವರು ಡಬ್ಬಿಯ ಮೇಲೆ ಓದಿಕೊಳ್ಳಲಿ. ಕಾಳು ನೆನೆಸಿ ನೀರು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆ ಎಂದು ಮನೆಗಳಲ್ಲಿ ಹೇಳುವುದು ಸರಿ: ಆ ಸಕ್ಕರೆ ಒಂದಿಷ್ಟು ನೀರಿಗೆ ಇಳಿಯುತ್ತದೆ. ಆದರೆ ಈ ಪಟ್ಟಿಯನ್ನು ವರ್ಷಗಟ್ಟಲೆ ಹಿಡಿಯಬಾರದು. ಕೆಲವು ವಾರ ಬಿಟ್ಟು, ಒಂದೊಂದಾಗಿ ವಾಪಸ್ ತಂದು, ಯಾವುದು ಆಗುವುದಿಲ್ಲ ಎಂದು ಕಂಡುಕೊಳ್ಳುವುದೇ ಇದರ ಉದ್ದೇಶ.

ಇನ್ನು ಟೇಸ್ಟಿಂಗ್ ಪೌಡರ್. ಅದರಲ್ಲಿರುವುದು ಗ್ಲುಟಮೇಟ್. ಮಿದುಳಿನಲ್ಲಿ ನರಗಳನ್ನು ಚುರುಕು ಮಾಡುವುದೂ ಗ್ಲುಟಮೇಟೇ. ಅಮೆರಿಕದಲ್ಲಿ ಹೋಲ್ಟನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕರುಳಿನ ತೊಂದರೆಯೂ ಇದ್ದ 37 ರೋಗಿಗಳು 4 ವಾರ ಗ್ಲುಟಮೇಟ್‌ನಂಥವನ್ನು ಬಿಟ್ಟರು. 31 ಜನಕ್ಕೆ ಲಕ್ಷಣಗಳು ಸಾಕಷ್ಟು ಇಳಿದವು. ಆಮೇಲೆ ಅವರಿಗೇ ಗೊತ್ತಾಗದಂತೆ ಅದನ್ನು ಮತ್ತೆ ಕೊಟ್ಟಾಗ ತೊಂದರೆ ಮರಳಿತು. ಕೇಳಿದರೆ ಗಟ್ಟಿ ಸಾಕ್ಷಿ ಅನಿಸುತ್ತದೆ, ಅಲ್ವಾ? ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 72 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದಾಗ, ಬಿಟ್ಟವರಿಗೂ ಬಿಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಜೊತೆಗೇ ಓದಿ. ಗೋಬಿ ಮಂಚೂರಿ ತಿಂದ ಮರುದಿನ ನೋವು ಜಾಸ್ತಿ ಅನ್ನುವವರು ಬಿಟ್ಟು ನೋಡಲಿ. ಎಲ್ಲರಿಗೂ ನಿಯಮ ಮಾಡಲು ಇಷ್ಟು ಸಾಲದು.

ತೂಕ ಜಾಸ್ತಿ ಇದ್ದವರಿಗೆ ಅದು ಇಳಿದಾಗ ನೋವು, ನಿದ್ದೆ ಎರಡೂ ಸುಧಾರಿಸಿದ್ದು ಕಂಡಿದೆ. ವಿಟಮಿನ್ ಡಿ, ಬಿ12, ಥೈರಾಯ್ಡ್ ಇವುಗಳನ್ನು ಪಥ್ಯಕ್ಕೆ ಮೊದಲೇ ಪರೀಕ್ಷಿಸಬೇಕು. ಅವುಗಳ ಕೊರತೆಯೂ ಇದೇ ಥರ ಸುಸ್ತು, ನೋವು ತರುತ್ತದೆ.

ಒಂದು ತಪ್ಪು ಮಾತ್ರ ಯಾರೂ ಮಾಡಬಾರದು. ಗೋಧಿಯಿಂದ ತೊಂದರೆ ಎಂಬ ಅನುಮಾನ ಬಂದ ಕೂಡಲೇ ಚಪಾತಿ ಬಿಡುವುದು! ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ರೋಗದ ರಕ್ತ ಪರೀಕ್ಷೆ ಸರಿಯಾಗಿ ಬರಬೇಕಾದರೆ ಆಗ ಗೋಧಿ ತಿನ್ನುತ್ತಿರಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗ ಇದ್ದರೂ ಇಲ್ಲ ಎಂದು ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.