ಬೇಲಿಯ ಹಳದಿ ಗಿಡ: ಡುರಾಂಟಾನೋ, ಫೈಕಸ್ಸೋ?

'ಬೇಲಿಗೆ ಹಾಕಿರುವ ಈ ಹಳದಿ ಎಲೆಯ ಗಿಡ ಯಾವುದು?' ಎಂದು ಕೇಳುವವರ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗೋಡೆಯಂತೆ ಕತ್ತರಿಸಿದ ಬೇಲಿ, ಮೇಲೆಲ್ಲ ಚಿಗುರು. ಅಷ್ಟನ್ನೇ ನೋಡಿ ಹೆಸರು ಹೇಳುವುದು ಕಷ್ಟ. ಪದೇಪದೇ ಕತ್ತರಿಸುವ ಗಿಡದಲ್ಲಿ ಹೂ ಬಿಡುವುದು ಕಡಿಮೆ. ಬಣ್ಣವನ್ನಂತೂ ನಂಬಬೇಡಿ. ಬಿಸಿಲಿಗೆ ಬಿದ್ದ ಚಿಗುರು ಹಳದಿ, ಅದೇ ಗಿಡದ ಒಳಗಿನ ಎಲೆ ಹಸಿರು!

ನಮ್ಮ ಊರುಗಳ ಪಾರ್ಕು, ಲೇಔಟುಗಳಲ್ಲಿ ಹೀಗೆ ಕಾಣುವುದು ಹೆಚ್ಚಾಗಿ ಗೋಲ್ಡನ್ ಡುರಾಂಟಾ. ಅದರ ಜತೆ ಗೊಂದಲ ಆಗುವುದು ಗೋಲ್ಡನ್ ಫೈಕಸ್. ಒಂದು ಎಲೆ ಕಿತ್ತು ನೋಡಿ. ಬಿಳಿ ಹಾಲು ಒಸರಿದರೆ ಫೈಕಸ್, ಆಲ ಅತ್ತಿಗಳ ನೆಂಟ. ಡುರಾಂಟಾದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಎಳೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಎಲೆಯ ಅಂಚಿನಲ್ಲಿ ಸಾಮಾನ್ಯವಾಗಿ ತುದಿಯ ಕಡೆಗಷ್ಟೇ ಹಲ್ಲು. ಕೆಲವು ಗಿಡಗಳಲ್ಲಿ ಎಲೆಯ ಬುಡದಲ್ಲಿ ಮುಳ್ಳೂ ಇರುತ್ತದೆ. ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಾದರೂ ಅನುಮಾನ ಇದ್ದರೆ ಬೇಲಿಯ ಕೊನೆಯಲ್ಲಿ, ಕತ್ತರಿ ತಾಗದೆ ಉಳಿದ ರೆಂಬೆ ಹುಡುಕಿ. ನಾನು ಮೊದಲು ಹುಡುಕುವುದೇ ಅದನ್ನು. ತಿಳಿ ನೇರಳೆ ಬಣ್ಣದ ಸಣ್ಣ ಹೂಗಳು ಗೊಂಚಲಾಗಿ ಬಾಗಿರುತ್ತವೆ. ಆಮೇಲೆ ಕಿತ್ತಳೆ ಮಿಶ್ರಿತ ಹಳದಿ ಕಾಯಿಗಳು ಮಣಿಸರದ ಹಾಗೆ ಇಳಿಬೀಳುತ್ತವೆ. ಹೂವಿನ ಬುಡದ ಬಟ್ಟಲಿನಂಥ ಭಾಗ, ಅಂದರೆ ಪುಷ್ಪಪಾತ್ರೆಯೇ, ಬೆಳೆದು ಕಾಯಿಯನ್ನು ಪೂರ್ತಿ ಮುಚ್ಚಿರುತ್ತದೆ, ತುದಿಯಲ್ಲಿ ಪುಟ್ಟ ಕೊಕ್ಕಿರುತ್ತದೆ. ಇದು ಸಿಕ್ಕರೆ ಮತ್ತೆ ಮಾತಿಲ್ಲ, ಡುರಾಂಟಾನೇ.

ಇದರ ತವರು ಅಮೆರಿಕ ಖಂಡಗಳ ಉಷ್ಣ ಪ್ರದೇಶ ಮತ್ತು ಕೆರಿಬಿಯನ್ ದ್ವೀಪಗಳು. ಡುರಾಂಟಾ ಎರೆಕ್ಟಾ ಎಂದು ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು 1753ರಲ್ಲಿ. ಹಳೆಯ ಪುಸ್ತಕಗಳಲ್ಲಿ ಡುರಾಂಟಾ ರೆಪೆನ್ಸ್ ಎಂದಿದ್ದರೂ ಗಿಡ ಅದೇ. ಬಂಡೀಪುರದ ಕಾಡಿಗೆ ನುಗ್ಗಿರುವ ಲಂಟಾನ ಇದೇ ಕುಟುಂಬದ್ದು, ಅದೂ ಚೆಂದಕ್ಕೆಂದೇ ಬಂದ ಗಿಡ ಅಲ್ವಾ? ಡುರಾಂಟಾ ಕೂಡ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಕಳೆಯಾಗಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ.

ಹಕ್ಕಿ ತಿನ್ನುತ್ತದೆ ಎಂದು ನಾವು ಬಾಯಿಗಿಡುವಂತಿಲ್ಲ. ಮಕ್ಕಳಿಗೆ, ನಾಯಿಗಳಿಗೆ ಈ ಹಣ್ಣು ವಿಷ. ಶಾಲೆಯ ಅಂಗಳಕ್ಕೆ ನಾನು ಇದನ್ನು ಹಾಕುವುದಿಲ್ಲ. ಈಗಾಗಲೇ ಇದ್ದರೆ ಹೂ ಮುಗಿಯುತ್ತಿದ್ದಂತೆ ಗೊಂಚಲು ಕತ್ತರಿಸಿಬಿಡಿ. ಮಗು ಹಣ್ಣು ತಿಂದಿತು ಅನಿಸಿದರೆ ಸುಮ್ನೆ ಕಾಯಬೇಡಿ. ಕಾಯಿ, ಎಲೆ ಎರಡೂ ಇರುವ ಒಂದು ರೆಂಬೆ ಮುರಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.